ಐರ್ಲೆಂಡಿನ ಸರೋವರಗಳು ಮತ್ತು ತೀರದ ಸಣ್ಣ ಊರುಗಳು

ಐರ್ಲೆಂಡ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಡಬ್ಲಿನ್ ನಗರ. ಮಕ್ಕಳು ಅಲ್ಲಿ ಉದ್ಯೋಗದಲ್ಲಿರುವುದರಿಂದ ತಂದೆತಾಯಿಗಳು ಒಂದೆರಡು ತಿಂಗಳು ಇದ್ದು ಬರುವುದು ಈಗ ಅಪರೂಪವೇನಲ್ಲ. ಆದರೆ ಆ ದೇಶದ ಬದುಕನ್ನು ಅರಿಯಬೇಕಾದರೆ ರಾಜಧಾನಿಯನ್ನು ಬಿಟ್ಟು ಪಶ್ಚಿಮದ ಹಳ್ಳಿಗಾಡಿಗೆ ಹೋಗಬೇಕು. ಒಂದು ಮೇ ತಿಂಗಳಿನಲ್ಲಿ ನಮಗೆ ಆ ಅವಕಾಶ ಒದಗಿತು. ನಾವು ಸಸ್ಯಾಹಾರಿಗಳು, ಗಾಳ ಹಿಡಿದವರಲ್ಲ. ಆದರೂ ಮೀನಿನ ಸರೋವರಗಳ ಸುತ್ತ ಕಂಡ ಸಂಗತಿಗಳು ಓದುಗರಿಗೆ ತಿಳಿಸಲು ಯೋಗ್ಯವೆನಿಸಿದವು.

ಸರೋವರವನ್ನು ಅಲ್ಲಿ 'ಲಾಖ್' ಎನ್ನುತ್ತಾರೆ. ಐರಿಷ್ ಗಣರಾಜ್ಯದ ಅತಿ ದೊಡ್ಡ ಸರೋವರವಾದ ಲಾಖ್ ಕೊರಿಬ್‌ನ ವಿಸ್ತಾರ ಸುಮಾರು 176 ಚದರ ಕಿಲೋಮೀಟರು. ಡಬ್ಲಿನ್‌ನಿಂದ ಗಾಲ್ವೇ ಪಟ್ಟಣಕ್ಕೆ ರೈಲಿನಲ್ಲಿ ಎರಡೂವರೆ ಗಂಟೆಯ ಪ್ರಯಾಣ. ಅಲ್ಲಿಂದ ಬಸ್ಸು ಹಿಡಿದರೆ ಇಪ್ಪತ್ತೇಳು ಕಿಲೋಮೀಟರು ದೂರದಲ್ಲಿ ಊಕ್ಟರಾರ್ಡ್ ಎಂಬ ಊರು ಸಿಗುತ್ತದೆ. ಒಂದು ಮುಖ್ಯ ಬೀದಿ, ಕೆಲವು ಅಂಗಡಿಗಳು, ಪಬ್‌ಗಳು, ಇಗರ್ಜಿ; ಊರೆಂದರೆ ಇಷ್ಟೆ. ಆದರೆ ಮೇ ತಿಂಗಳಲ್ಲಿ ಇಲ್ಲಿ ಸಣ್ಣದೊಂದು ಜಾತ್ರೆಯ ಸಂಭ್ರಮ.

ಅದಕ್ಕೆ ಕಾರಣ ಒಂದು ಕೀಟ, ಮೇಫ್ಲೈ. ಸರೋವರದ ಕೆಸರಿನಲ್ಲಿ ಒಂದೆರಡು ವರ್ಷ ಮರಿಯಾಗಿ ಕಳೆಯುವ ಈ ಕೀಟ ಮೇ ತಿಂಗಳಲ್ಲಿ ರೆಕ್ಕೆ ಮೂಡಿ ಮೇಲೇಳುತ್ತದೆ. ರೆಕ್ಕೆ ಬಂದ ಮೇಲೆ ಅದು ಆಹಾರ ತೆಗೆದುಕೊಳ್ಳುವುದಿಲ್ಲ. ಕೂಡಿ, ಮೊಟ್ಟೆಯಿಟ್ಟು, ಒಂದೆರಡು ದಿನಗಳಲ್ಲಿ ಸಾಯುತ್ತದೆ. ಇದನ್ನು ತಿನ್ನಲು ಬ್ರೌನ್ ಟ್ರೌಟ್ ಮೀನುಗಳು ನೀರಿನ ಮೇಲ್ಮೈಗೆ ಬರುತ್ತವೆ. ಉದ್ದನೆಯ ಕೋಲಿಗೆ ಹಗುರವಾದ ದಾರ ಕಟ್ಟಿ, ಗಾಳಕ್ಕೆ ಜೀವಂತ ಮೇಫ್ಲೈಯನ್ನು ಸಿಕ್ಕಿಸಿ, ಗಾಳಿಯ ಸೆಳೆತಕ್ಕೆ ಬಿಟ್ಟು ನೀರನ್ನು ಮುಟ್ಟಿಯೂ ಮುಟ್ಟದಂತೆ ಆಡಿಸುವ ವಿಧಾನಕ್ಕೆ 'ಡ್ಯಾಪಿಂಗ್' ಎಂದು ಹೆಸರು. ಗಾಳಿಯಿಲ್ಲದ ದಿನ ಈ ವಿದ್ಯೆ ನಡೆಯದು. ನಾವೆಲ್ಲ ಬಿಸಿಲನ್ನು ಹಾರೈಸುತ್ತಿದ್ದರೆ, ದೋಣಿಯವರು ಮೋಡವನ್ನೂ ಗಾಳಿಯನ್ನೂ ಬಯಸುವುದನ್ನು ಕಂಡು ನಮಗೆ ವಿಸ್ಮಯವಾಯಿತು.

ಕೊರಿಬ್‌ನ ಉತ್ತರಕ್ಕೆ, ಲಾಖ್ ಮಾಸ್ಕ್ ಸರೋವರಕ್ಕೂ ಅದಕ್ಕೂ ನಡುವಣ ನೆಲದಲ್ಲಿ ಕಾಂಗ್ ಎಂಬ ಗ್ರಾಮವಿದೆ. 1952ರಲ್ಲಿ ತೆರೆಕಂಡ, ಜಾನ್ ಫೋರ್ಡ್ ನಿರ್ದೇಶಿಸಿದ 'ದಿ ಕ್ವಾಯೆಟ್ ಮ್ಯಾನ್' ಚಿತ್ರದ ಬಹುಭಾಗ ಇಲ್ಲಿ ಮತ್ತು ಸುತ್ತಮುತ್ತ ಚಿತ್ರಿತವಾಯಿತು. ಹಳೆಯ ಕ್ರೈಸ್ತ ಮಠದ ಬಳಿ, ನದಿಯ ಮೇಲೆಯೇ ಕಟ್ಟಿದ ಪುಟ್ಟ ಕಲ್ಲುಮನೆಯೊಂದಿದೆ. ಸನ್ಯಾಸಿಗಳು ಅದರ ನೆಲದ ಕಿಂಡಿಯಿಂದ ಮೀನು ಹಿಡಿಯುತ್ತಿದ್ದರು. ಮೀನು ಸಿಕ್ಕಾಗ ಅಡುಗೆಮನೆಯ ಗಂಟೆ ಬಾರಿಸಲು ಹಗ್ಗ ಕಟ್ಟಿದ್ದರೆಂಬುದು ಪ್ರತೀತಿ.

ಅದೇ ಗ್ರಾಮದಲ್ಲಿ ನೀರಿಲ್ಲದ ಕಾಲುವೆಯೊಂದಿದೆ. ಮಹಾಕ್ಷಾಮದ ದಿನಗಳಲ್ಲಿ, 1848ರಲ್ಲಿ, ಹಸಿದವರಿಗೆ ಕೂಲಿ ಒದಗಿಸುವ ಉದ್ದೇಶವೂ ಸೇರಿ ಎರಡು ಸರೋವರಗಳನ್ನು ಜೋಡಿಸಲು ಇದನ್ನು ತೋಡಲಾಯಿತು. ಆದರೆ ಆ ನೆಲ ಸುಣ್ಣಕಲ್ಲಿನದು. ನೀರು ಬಿರುಕುಗಳಲ್ಲಿ ಇಂಗಿಹೋಗುತ್ತಿತ್ತು. 1854ರಲ್ಲಿ ಕೆಲಸವನ್ನು ಕೈಬಿಡಲಾಯಿತು. ಬರಗಾಲದ ಕಾಮಗಾರಿಗಳ ಕಥೆಯನ್ನು ಬಲ್ಲ ನಮಗೆ ಆ ಒಣ ಕಾಲುವೆಯ ದಡದಲ್ಲಿ ಮಾತು ಹೊರಡಲಿಲ್ಲ.

ಈ ಊರುಗಳವರು ಸರೋವರವನ್ನು ತಮ್ಮದೆಂದೇ ಭಾವಿಸುತ್ತಾರೆ. 1988ರಲ್ಲಿ ಸರಕಾರವು ಟ್ರೌಟ್ ಹಿಡಿಯಲೂ ಪರವಾನಗಿ ಬೇಕೆಂದಾಗ ಪಶ್ಚಿಮದ ಸರೋವರಗಳಲ್ಲಿ ದೊಡ್ಡ ಪ್ರತಿಭಟನೆ ನಡೆದು, ಕೆಲವೇ ವರ್ಷಗಳಲ್ಲಿ ಆ ನಿಯಮ ಹಿಂದಕ್ಕೆ ಸರಿಯಿತು. ಹಕ್ಕಿನೊಡನೆ ಹೊಣೆಯೂ ಬಂದಿದೆ. ದಕ್ಷಿಣ ಆಫ್ರಿಕದ ಮೂಲದ ಜಲಕಳೆಯೊಂದು 2005ರಲ್ಲಿ ಕೊರಿಬ್‌ನಲ್ಲಿ ಕಾಣಿಸಿಕೊಂಡಿತು. ಅದನ್ನು ಅಡಗಿಸಲು ಸರೋವರದ ತಳಕ್ಕೆ ಸೆಣಬಿನ ಬಟ್ಟೆ ಹಾಸಿದರು. ಅದರ ಎಳೆಗಳ ನಡುವಿನಿಂದ ನಾಡಿನ ಸಸ್ಯಗಳು ಮೇಲೇಳುತ್ತವೆ, ಕಳೆ ಏಳಲಾರದು. ಬಟ್ಟೆ ಕಾಲಕ್ರಮದಲ್ಲಿ ಕೊಳೆತು ಮಣ್ಣಾಗುತ್ತದೆ. ನಮ್ಮ ಗೋಣಿಚೀಲದ ಸೆಣಬಿಗೆ ಇಂಥ ಉಪಯೋಗವೂ ಉಂಟೆಂದು ನಾವು ಎಣಿಸಿರಲಿಲ್ಲ. ಕಳೆ ಇನ್ನೂ ಪೂರ್ಣ ನಿರ್ಮೂಲವಾಗಿಲ್ಲ. ಆದ್ದರಿಂದ ದೋಣಿಯನ್ನು ಬೇರೆ ಸರೋವರಕ್ಕೆ ಒಯ್ಯುವ ಮುನ್ನ ತೊಳೆದು ಒಣಗಿಸಬೇಕೆಂದು ತೀರದಲ್ಲಿ ಎಚ್ಚರಿಸುತ್ತಾರೆ.

ಬ್ಯಾಂಕಿನಲ್ಲಿ ದುಡಿಯುವ ನಮ್ಮ ಕಣ್ಣು ಇನ್ನೊಂದನ್ನು ಗಮನಿಸದೆ ಇರಲಿಲ್ಲ. 2021ರಲ್ಲಿ ಅಲ್ಲಿನ ಒಂದು ದೊಡ್ಡ ಬ್ಯಾಂಕು ಗಣರಾಜ್ಯದಲ್ಲಿ 88 ಶಾಖೆಗಳನ್ನು ಮುಚ್ಚಿತು. ಅವುಗಳಲ್ಲಿ ಅನೇಕವು ಸಣ್ಣ ಪಟ್ಟಣಗಳವು. ಶಾಖೆ ಹೋದರೆ ಪಕ್ಕದ ಅಂಗಡಿಯ ವ್ಯಾಪಾರವೂ ತಗ್ಗುತ್ತದೆ, ಮುದುಕರು ಪಿಂಚಣಿಗಾಗಿ ಬೇರೆ ಊರಿಗೆ ಹೋಗಬೇಕಾಗುತ್ತದೆ. 1958ರಿಂದ ಬೆಳೆದುಬಂದ ಸಹಕಾರಿ ಕ್ರೆಡಿಟ್ ಯೂನಿಯನ್‌ಗಳು ಅನೇಕ ಊರುಗಳಿಗೆ ಈಗ ಆಧಾರ. ಹೀಗಿರುವಾಗ ಮೀನಿನ ಕಾಲದಲ್ಲಿ ಬರುವ ಪ್ರವಾಸಿಗರು ಅಲ್ಲಿನ ವಸತಿಗೃಹಗಳಿಗೂ ದೋಣಿಯವರಿಗೂ ಎಷ್ಟು ಮುಖ್ಯರೆಂಬುದು ಸ್ಪಷ್ಟ. ಸರೋವರ ಕೆಟ್ಟರೆ ಊರೂ ಕೆಟ್ಟಂತೆ.

ಹೋಗಬಯಸುವವರಿಗೆ ಒಂದೆರಡು ಮಾತು. ಷೆಂಗೆನ್ ವೀಸಾ ಐರ್ಲೆಂಡಿನಲ್ಲಿ ನಡೆಯದು. ಗಣರಾಜ್ಯದಲ್ಲಿ ಬ್ರೌನ್ ಟ್ರೌಟ್‌ಗೆ ಸರಕಾರಿ ಪರವಾನಗಿ ಬೇಡ, ಸಾಲ್ಮನ್‌ಗೆ ಬೇಕು. ಕೆಲವೆಡೆ ಸ್ಥಳೀಯ ಅನುಮತಿಯೂ ಬೇಕಾದೀತು. ಸ್ಥಳ ಬಲ್ಲ ದೋಣಿಯವನಿಲ್ಲದೆ, ಜೀವರಕ್ಷಕ ಕವಚವಿಲ್ಲದೆ ನೀರಿಗಿಳಿಯಬಾರದು. ಕೊರಿಬ್‌ನಲ್ಲಿ ನೀರಡಗಿದ ಬಂಡೆಗಳು ಹಲವು. ಮಳೆಯಂಗಿ ಸದಾ ಜೊತೆಗಿರಲಿ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಗಾಳ ಹಿಡಿಯದವರೂ ಆ ಹೊತ್ತಿನಲ್ಲಿ ದೋಣಿಗಳು ದಡಕ್ಕೆ ಮರಳುವುದನ್ನು ನೋಡಲೆಂದೇ ಒಮ್ಮೆ ಹೋಗಿಬರಬಹುದು.