ಕತ್ತಲೆಯೇ ಬಂಡವಾಳ

ರಾಮ್ಸೆ ಸಹೋದರರ ‘ದೋ ಗಜ್ ಜಮೀನ್ ಕೆ ನೀಚೆ’ ಚಿತ್ರವನ್ನು ಈಚೆಗೆ ಮೊಮ್ಮಗನೊಡನೆ ಮತ್ತೆ ನೋಡಿದೆ. ಕೊಲೆಯಾದ ಗಂಡ ಮಣ್ಣಿನಿಂದೆದ್ದು ಬಂದಾಗ ಅವನು ಕಿಸಕ್ಕನೆ ನಕ್ಕ. ನನ್ನ ಮೈ ಮಾತ್ರ ಹಳೆಯ ರೂಢಿಯಂತೆ ಜುಮ್ಮೆಂದಿತು.

1970ರಲ್ಲಿ ಈ ಕುಟುಂಬದ ‘ಏಕ್ ನನ್ಹೀ ಮುನ್ನಿ ಲಡ್ಕೀ ಥೀ’ ಸೋತಿತ್ತು. ಆದರೂ ಪೃಥ್ವಿರಾಜ್ ಕಪೂರ್ ಪಿಶಾಚಿಯ ಮುಖವಾಡ ತೊಟ್ಟು ಕಳ್ಳತನಕ್ಕೆ ಬರುವ ಒಂದೇ ದೃಶ್ಯಕ್ಕಾಗಿ ಜನ ಚಿತ್ರಮಂದಿರಕ್ಕೆ ಬರುತ್ತಿದ್ದುದನ್ನು ಸಹೋದರರು ಗಮನಿಸಿದರು. ಆ ಸುಳಿವಿನ ಫಲವೇ 1972ರ ಈ ಪ್ರೇತಕಥೆ. ಮಹಾಬಲೇಶ್ವರದಲ್ಲಿ ಚಿತ್ರೀಕರಣ, ನಿರ್ದೇಶನಕ್ಕೆ ತುಳಸಿ ಮತ್ತು ಶ್ಯಾಮ್, ಕ್ಯಾಮೆರಾಕ್ಕೆ ಗಂಗು, ಧ್ವನಿಗೆ ಕಿರಣ್. ಎಲ್ಲರೂ ಮನೆಮಕ್ಕಳೇ. ಅಲ್ಪ ವೆಚ್ಚದ ಆ ಚಿತ್ರ ಗೆದ್ದಿತು. ಹಿಂದಿಯಲ್ಲಿ ಭಯಾನಕ ಚಿತ್ರಗಳದೇ ಒಂದು ಪರಂಪರೆ ಬೆಳೆಯಿತು.

ಕೈಯಲ್ಲಿ ಕಾಸಿಲ್ಲದವನು ಎಲ್ಲವನ್ನೂ ತೋರಿಸಲಾರ. ಮಂಜು, ಕತ್ತಲೆ, ಕಿರುಗುಟ್ಟುವ ಬಾಗಿಲುಗಳನ್ನೇ ಅವನು ನೆಚ್ಚಬೇಕು. ಉಳಿದರ್ಧ ಭೂತವನ್ನು ಪ್ರೇಕ್ಷಕ ತನ್ನೊಳಗಿನ ಅಂಜಿಕೆಯಿಂದಲೇ ಕಟ್ಟಿಕೊಳ್ಳುತ್ತಾನೆ. ಇಂದಿನ ಗಣಕಯಂತ್ರವಾದರೋ ಪ್ರೇತದ ಹಲ್ಲುಗಳನ್ನೂ ಎಣಿಸಿ ತೋರಿಸುತ್ತದೆ; ಕಲ್ಪನೆಗೆ ಕೆಲಸವೇ ಇಲ್ಲ. ಕೆಲಸವಿಲ್ಲದ ಕಲ್ಪನೆ ಸೊರಗುವುದು ಸಹಜ. ನನ್ನ ಕಳವಳ ಅದೇ.

ಅಂದು ರಾತ್ರಿ ಮಲಗುವಾಗ ಮೊಮ್ಮಗ ಮೆಲ್ಲನೆ ಕೇಳಿದ: “ತಾತ, ಪಡಸಾಲೆಯ ದೀಪ ಹಾಗೇ ಇರಲಿ.”

ಕಳವಳ ಕೊಂಚ ಕಡಿಮೆಯಾಯಿತು. ದೀಪವನ್ನು ನಾನೂ ಆರಿಸಲಿಲ್ಲ.