ಅಗ್ಗದ ತಂತಿರಹಿತ ಹೆಡ್‌ಫೋನ್: ನಾದದ ಗುಣಮಟ್ಟವನ್ನು ಅಳೆಯುವ ಬಗೆ

ಮೊಬೈಲ್ ಪರಿಕರಗಳ ಮಳಿಗೆಗಳಲ್ಲಿ ಈಗ ಒಂದರಿಂದ ಮೂರು ಸಾವಿರ ರೂಪಾಯಿಯೊಳಗಿನ ತಂತಿರಹಿತ ಹೆಡ್‌ಫೋನ್ ಹಾಗೂ ಇಯರ್‌ಬಡ್‌ಗಳು ಹತ್ತಾರು ಹೆಸರುಗಳಲ್ಲಿ ದೊರೆಯುತ್ತವೆ. ಗ್ರಾಹಕನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇವುಗಳಲ್ಲಿ ಯಾವುದರ ಸೌಂಡ್ ಚೆನ್ನಾಗಿದೆ? ನಮ್ಮ ವರ್ತಕ ಬಾಂಧವರಲ್ಲಿ ಅನೇಕರು ಆಗ ಪೆಟ್ಟಿಗೆಯನ್ನು ತಿರುಗಿಸಿ ಅದರ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಿ ಹೇಳುತ್ತಾರೆ. ದುರದೃಷ್ಟವಶಾತ್ ಆ ಅಂಕಿಗಳಲ್ಲಿ ಉತ್ತರವಿರುವುದಿಲ್ಲ. ಊಹೆಯಿಂದ ಮಾರಿದ ಮಾಲು ವಾರದೊಳಗೆ ಹಿಂದಿರುಗಿ ಬಂದಾಗ ನಷ್ಟ ಮಾತ್ರ ಅಂಗಡಿಯವನದೇ.

ದರವಾದರೂ ದಾರಿ ತೋರಿಸೀತೆಂದು ಭಾವಿಸುವುದು ಸಹಜ. ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಪರಿಶೀಲಿಸಿ, ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಗಮನಾರ್ಹ. ಮಂದ್ರದಿಂದ ತಾರದವರೆಗಿನ ಸ್ವರಗಳನ್ನು ಹೆಡ್‌ಫೋನ್ ಎಷ್ಟು ಸಮತೂಕದಲ್ಲಿ ನುಡಿಸುತ್ತದೆ ಎಂಬುದಕ್ಕೂ ಅದರ ಚಿಲ್ಲರೆ ದರಕ್ಕೂ ಅವರಿಗೆ ಸಂಬಂಧ ಕಾಣಲಿಲ್ಲ. ಅಗ್ಗದ್ದೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ಹೆಚ್ಚುವರಿ ಹಣ ಗಟ್ಟಿಮುಟ್ಟಾದ ಕಟ್ಟಡಕ್ಕೆ, ಬ್ಯಾಟರಿಗೆ, ಹೊರಗಿನ ಗದ್ದಲ ತಡೆಯುವ ವ್ಯವಸ್ಥೆಗೆ, ಜಾಹೀರಾತಿಗೆ ಹೋಗಿರಬಹುದು. ನಾದಕ್ಕೇ ಹೋಗಿದೆಯೆಂಬ ಭರವಸೆಯಿಲ್ಲ.

ಕಾರಣವನ್ನು ತಯಾರಿಕೆಯ ಕ್ರಮದಲ್ಲೇ ಹುಡುಕಬೇಕು. ಅಗ್ಗದ ಮಾದರಿಗಳ ಒಳಗಿರುವ ಚಿಪ್‌ಗಳನ್ನು ಜೀಲಿ, ಬ್ಲೂಟ್ರಮ್‌ಗಳಂತಹ ಕೆಲವೇ ಚೀನೀ ಸಂಸ್ಥೆಗಳು ದೊಡ್ಡ ಪ್ರಮಾಣದಲ್ಲಿ ಒದಗಿಸುತ್ತವೆ. ಡ್ರೈವರ್, ಹೊರಕವಚ, ಬ್ಯಾಟರಿಗಳೆಲ್ಲ ಶೆನ್‌ಝೆನ್‌ನ ಪೇಟೆಯಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಹಾಗಾದರೆ ವ್ಯತ್ಯಾಸ ಬರುವುದೆಲ್ಲಿ? ಶ್ರುತಿ ಮಾಡುವಲ್ಲಿ. ಕವಚದ ಗಾಳಿರಂಧ್ರ ಎಷ್ಟಿರಬೇಕು, ಅದರ ಮೇಲೆ ಯಾವ ಜಾಲರಿ ಹಾಕಬೇಕು, ಚಿಪ್‌ನೊಳಗೆ ಯಾವ ಸ್ವರವನ್ನು ಏರಿಸಿ ಯಾವುದನ್ನು ಇಳಿಸಬೇಕು ಎಂಬ ತೀರ್ಮಾನಗಳಿಂದ ಒಂದೇ ಬಿಡಿಭಾಗಗಳ ಎರಡು ಹೆಡ್‌ಫೋನ್‌ಗಳು ಬೇರೆ ಬೇರೆಯಾಗಿ ನುಡಿಯುತ್ತವೆ.

ಈಗ ಪೆಟ್ಟಿಗೆಯ ಅಂಕಿಗಳತ್ತ ನೋಡೋಣ. '20 ಹರ್ಟ್ಸ್‌ನಿಂದ 20,000 ಹರ್ಟ್ಸ್' ಎಂಬ ಬರಹದ ಪಕ್ಕದಲ್ಲಿ ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಎಂಬುದನ್ನು ಹೇಳದಿದ್ದರೆ ಅದು ಏನನ್ನೂ ಹೇಳಿದಂತಾಗುವುದಿಲ್ಲ. ಡ್ರೈವರ್ 13 ಮಿಲಿಮೀಟರ್ ಇದ್ದ ಮಾತ್ರಕ್ಕೆ 10 ಮಿಲಿಮೀಟರ್‌ನದಕ್ಕಿಂತ ಉತ್ತಮವೆನ್ನಲಾಗದು. ಬ್ಲೂಟೂತ್ ಆವೃತ್ತಿಯ ಸಂಖ್ಯೆಯೂ ನಾದದ ಅಳತೆಯಲ್ಲ. ಕೋಡೆಕ್ ವಿಷಯ ತುಸು ಭಿನ್ನ. ಬ್ಲೂಟೂತ್ ಸ್ಟೀರಿಯೊ ಉಪಕರಣಗಳಲ್ಲೆಲ್ಲ ಕಡ್ಡಾಯವಾಗಿರುವ ಎಸ್‌ಬಿಸಿ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್‌ವರೆಗೆ, ಎಲ್‌ಡ್ಯಾಕ್ 990ರವರೆಗೆ ಸಾಗಿಸಬಲ್ಲವು. ಆದರೆ ಕೋಡೆಕ್ ಕೆಲಸ ಮಾಡಲು ಫೋನಿನಲ್ಲೂ ಅದಿರಬೇಕು. ಐಫೋನ್‌ನಲ್ಲಿ ಎಲ್‌ಡ್ಯಾಕ್ ಇಲ್ಲ. ಶ್ರುತಿ ಕೆಟ್ಟ ಹೆಡ್‌ಫೋನನ್ನು ಯಾವ ಕೋಡೆಕ್ ಕೂಡ ಸರಿಪಡಿಸಲಾರದು.

'ಹಾಡು ಚೆನ್ನಾಗಿತ್ತು, ಮೀಟಿಂಗ್ ಆರಂಭವಾದೊಡನೆ ಹಳೆಯ ಟೆಲಿಫೋನಿನಂತಾಯಿತು' ಎಂದು ಹಿಂದಿರುಗಿ ಬರುವ ಮಾಲು ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಸಾಂಪ್ರದಾಯಿಕ ಬ್ಲೂಟೂತ್‌ನಲ್ಲಿ ಮೈಕ್ ಕೆಲಸಕ್ಕಿಳಿದೊಡನೆ ಸಂಪರ್ಕವು ಕರೆಯ ವಿಧಾನಕ್ಕೆ ಬದಲಾಗುತ್ತದೆ. ಆಗ ಸ್ಟೀರಿಯೊ ಹೋಗಿ ಒಂದೇ ವಾಹಿನಿ ಉಳಿಯುತ್ತದೆ. ಧ್ವನಿಯ ಮಾದರಿ ಸಂಗ್ರಹವೂ ಸೆಕೆಂಡಿಗೆ 8,000 ಅಥವಾ 16,000ಕ್ಕೆ ಇಳಿಯುತ್ತದೆ. ಕಂಪ್ಯೂಟರಿನ ಮೈಕನ್ನೇ ಆರಿಸಿಕೊಂಡರೆ ತೊಂದರೆ ಬಹುತೇಕ ನೀಗುತ್ತದೆ. ಇದನ್ನು ಮಾರುವಾಗಲೇ ತಿಳಿಸುವುದು ಲೇಸು.

ಅಂಗಡಿಯಲ್ಲೇ ಹೋಲಿಸಿ ನೋಡಲು ದೊಡ್ಡ ಉಪಕರಣ ಬೇಕಿಲ್ಲ, ಶಿಸ್ತು ಬೇಕು. ತುಸು ಜೋರಾಗಿ ನುಡಿಯುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಫೋನಿನ ವಾಲ್ಯೂಮ್ ಗೆರೆ ಒಂದೇ ಕಡೆ ಇದ್ದರೂ ಎರಡು ಹೆಡ್‌ಫೋನ್‌ಗಳ ಜೋರು ಒಂದೇ ಆಗಿರುವುದಿಲ್ಲ. ಆದ್ದರಿಂದ ಮೊದಲು ವಾರ್ತಾವಾಚಕರ ಮಾತನ್ನು ಹಾಕಿ ಎರಡರ ಜೋರನ್ನೂ ಸರಿಸಮ ಮಾಡಿಕೊಳ್ಳಬೇಕು. ಇಯರ್‌ಬಡ್ ಆದರೆ ರಬ್ಬರ್ ತುದಿ ಕಿವಿಗೆ ಬಿಗಿಯಾಗಿ ಕೂತಿರಬೇಕು. ಸ್ವಲ್ಪ ಸಂದು ಉಳಿದರೂ ಮಂದ್ರವೆಲ್ಲ ಸೋರಿಹೋಗುತ್ತದೆ. 'ಬೇಸ್ ಇಲ್ಲ' ಎಂಬ ದೂರು ಎಷ್ಟೋ ಸಲ ಪೆಟ್ಟಿಗೆಯಲ್ಲೇ ಇರುವ ಇನ್ನೊಂದು ಅಳತೆಯ ತುದಿಯಿಂದ ಬಗೆಹರಿಯುತ್ತದೆ.

ಕೇಳಿಸಲು ನಮ್ಮ ಸಂಗೀತ ಕಚೇರಿಯ ಒಂದು ಧ್ವನಿಮುದ್ರಿಕೆ ಚಿತ್ರಗೀತೆಗಿಂತ ಹೆಚ್ಚು ಸತ್ಯ ಹೇಳುತ್ತದೆ. ಮೃದಂಗದ ಬಲಮುಖಕ್ಕೆ ಕರಣೆಯಿಂದಾಗಿಯೇ ಸುಸ್ವರ ಬರುತ್ತದೆ ಎಂಬುದನ್ನು ಸಿ. ವಿ. ರಾಮನ್ ಅವರು ವೈಜ್ಞಾನಿಕವಾಗಿ ವಿವರಿಸಿದ್ದರು. ಆ ಬಲಮುಖದ ನಾದ ಸ್ಪಷ್ಟವಾಗಿ ಕೇಳಬೇಕು. ಎಡಮುಖದ ಗುಂಕಾರ ಗಾಯಕರ ಕಂಠವನ್ನು ಮುಚ್ಚಬಾರದು. ತಂಬೂರದ ಝೇಂಕಾರ ಹಿನ್ನೆಲೆಯಲ್ಲಿ ಕಾಣೆಯಾಗಬಾರದು. ಅಗ್ಗದ ಮಾದರಿಗಳಲ್ಲಿ ಅನೇಕವು ಸೋಲುವುದು ಎರಡನೆಯದರಲ್ಲಿ, ಏಕೆಂದರೆ ಮಂದ್ರವನ್ನು ಬೇಕೆಂದೇ ಹಿಗ್ಗಿಸಿರುತ್ತಾರೆ. ಅದನ್ನೇ ಮೆಚ್ಚುವ ಗ್ರಾಹಕರೂ ಇದ್ದಾರೆ, ಅವರ ರುಚಿಯನ್ನು ತಿದ್ದುವುದು ನಮ್ಮ ಕೆಲಸವಲ್ಲ. ಆದರೆ ಪಾಠ, ಪ್ರವಚನ ಕೇಳಲು ಕೊಳ್ಳುವವರಿಗೆ ಅಂಥದ್ದನ್ನು ಕೊಡಬಾರದು.

ಬಿಡಿಭಾಗ ತರಿಸಿ ಜೋಡಿಸುವ ಅಥವಾ ಸ್ವಂತ ಹೆಸರಿನಲ್ಲಿ ಮಾಡಿಸುವ ಸಣ್ಣ ಉದ್ಯಮಿಗಳಿಗೆ ಇನ್ನೊಂದು ಮಾತು. ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು. ದೂರಸಂಪರ್ಕ ಇಲಾಖೆಯ ಉಪಕರಣ ಅನುಮೋದನೆ ರೇಡಿಯೋ ತರಂಗಗಳಿಗೆ ಸಂಬಂಧಿಸಿದ್ದು. ಎರಡೂ ನಾದದ ಬಗ್ಗೆ ಮೌನವಾಗಿವೆ. ಆದ್ದರಿಂದ ಆ ಷರತ್ತನ್ನು ಖರೀದಿ ಆದೇಶದಲ್ಲಿ ನೀವೇ ಬರೆಯಬೇಕಾಗುತ್ತದೆ. ಐಇಸಿ 60318-4 ಮಾನಕದ ಕೃತಕ ಕಿವಿಯಲ್ಲಿ ತೆಗೆದ ರೇಖಾಚಿತ್ರವನ್ನು ಸರಬರಾಜುದಾರರಿಂದ ಕೇಳಿ ಪಡೆಯಿರಿ. ಎಡ-ಬಲ ಕಿವಿಗಳ ನಡುವೆ ಎಷ್ಟು ಡೆಸಿಬೆಲ್ ವ್ಯತ್ಯಾಸ ಒಪ್ಪಿಗೆ ಎಂಬುದನ್ನು ನಮೂದಿಸಿರಿ. ಒಪ್ಪಿದ ಮಾದರಿಯೊಂದನ್ನು ಇಬ್ಬರ ಸಹಿಯೊಡನೆ ಮೊಹರು ಮಾಡಿ ಇಟ್ಟುಕೊಳ್ಳಿರಿ. ಮುಂದಿನ ಸರಕು ಬಂದಾಗ ಹಣ ಪಾವತಿಗೆ ಮುನ್ನ ಅದರಿಂದ ಐದಾರು ಜೋಡಿಗಳನ್ನು ತೆಗೆದು ಆ ಮಾದರಿಯೊಡನೆ ಹೋಲಿಸಲು ಒಂದು ಗಂಟೆ ಸಾಕು.