ರೇಡಿಯೋ ಕೇಳುತ್ತ ವಿಮಾನ ಕಟ್ಟಿದ ಮಕ್ಕಳು

ಪ್ರಶ್ನೆ: ಹಿಂದೆ ಮಕ್ಕಳಿಗಾಗಿ ರೇಡಿಯೋದಲ್ಲಿ ವಿಮಾನದ ಕಥೆಗಳು ಬರುತ್ತಿದ್ದವಂತೆ, ನಿಜವೇ?
– ಓದುಗರು, ಕೋಥರೂಡ, ಪುಣೆ

ಉತ್ತರ: ನಿಜ. ಅಮೆರಿಕದಲ್ಲಿ 1933ರಲ್ಲಿ ಶುರುವಾದ ‘ದಿ ಏರ್ ಅಡ್ವೆಂಚರ್ಸ್ ಆಫ್ ಜಿಮ್ಮಿ ಅಲೆನ್’ ಅಂಥದ್ದು. ಕನ್ಸಾಸ್ ಸಿಟಿಯ ವಿಮಾನ ನಿಲ್ದಾಣದಲ್ಲಿ ತಂತಿ ಸಂದೇಶ ಮುಟ್ಟಿಸುವ ಹುಡುಗ ಪೈಲಟ್ ಆಗುವ ಕಥೆ. ಕಂತಿಗೆ 15 ನಿಮಿಷ. ನನಗೆ ಬಹಳ ಮೆಚ್ಚುಗೆಯಾದದ್ದು ಅದರ ಫ್ಲೈಯಿಂಗ್ ಕ್ಲಬ್. ಸದಸ್ಯರಾದ ಮಕ್ಕಳಿಗೆ ರೆಕ್ಕೆಯ ಬಿಲ್ಲೆ, ಹಾರಾಟದ ಪಾಠ, ಜೊತೆಗೆ ಮಾದರಿ ವಿಮಾನಗಳ ಸ್ಪರ್ಧೆ. ಬಾಲ್ಸಾ ಎಂಬ ಹಗುರ ಮರದ ಕಡ್ಡಿಯ ಚೌಕಟ್ಟು, ಮೇಲೆ ತೆಳು ಕಾಗದ, ಹೊಟ್ಟೆಯೊಳಗೆ ರಬ್ಬರ್ ಪಟ್ಟಿ. ಪ್ರೊಪೆಲರನ್ನು ಬೆರಳಿನಿಂದ ತಿರುಗಿಸಿದಂತೆಲ್ಲ ರಬ್ಬರು ಗಂಟುಗಂಟಾಗಿ ಹುರಿಗೊಳ್ಳುತ್ತದೆ. ಕೈಬಿಟ್ಟರೆ ಆ ಹುರಿ ಬಿಚ್ಚುವಷ್ಟು ಹೊತ್ತು ಪ್ರೊಪೆಲರ್ ತಿರುಗುತ್ತದೆ. ಇಂಥದ್ದನ್ನು ಇವತ್ತೂ ಮನೆಯಲ್ಲೇ ಕಟ್ಟಬಹುದು. ಮಕ್ಕಳ ಜೊತೆ ಕೂತು ಒಂದು ಕಟ್ಟಿ ನೋಡಿ.